ತೂತುಕಾಸಿನ ಇಸವಿ

ನಮ್ಮ ಸೋದರಮಾವನಿಗೆ ತಮ್ಮ ಮದುವೆಯಾದ ಇಸವಿ ನೆನಪಿಲ್ಲ. ಮಕ್ಕಳು ಹುಟ್ಟಿದ್ದು ಯಾವಾಗ ಎಂದರೆ ಅತ್ತೆಯ ಮುಖ ನೋಡುತ್ತಾರೆ. ಆದರೆ ಸವೆದು ಸವೆದು ಬರೀ ಬಿಲ್ಲೆಯಾದ ಹಳೇ ನಾಣ್ಯವೊಂದನ್ನು ಕೊಟ್ಟು ನೋಡಿ, ಸಂಜೆಯೊಳಗೆ ಅದರ ಜಾತಕ ಹೇಳುತ್ತಾರೆ!

ಭದ್ರಾವತಿಯ ಕಾಗದನಗರದಲ್ಲಿ ಅವರ ಮನೆ. ಕಾರ್ಖಾನೆಯ ಲ್ಯಾಬಿನಲ್ಲಿ ಸೀಸೆ ಅಲ್ಲಾಡಿಸಿಯೇ ಬಾಳು ಕಳೆದವರು. ರಿಟೈರಾದರೆಂದು ಕೈ ಸುಮ್ಮನಿರುತ್ತದೆಯೇ? ಇಸವಿ ಇದ್ದ ಜಾಗಕ್ಕೆ ಕಡ್ಡಿಯ ತುದಿಯಿಂದ ಒಂದು ಹನಿ ಆಸಿಡ್ ಇಡುತ್ತಾರೆ. ಅಚ್ಚಿನ ಏಟು ತಿಂದ ಲೋಹ, ಮೇಲೆಷ್ಟೇ ಸವೆದರೂ ಒಳಗೊಳಗೇ ಆ ಏಟನ್ನು ಮರೆತಿರುವುದಿಲ್ಲವಂತೆ. ಸ್ವಲ್ಪ ಹೊತ್ತಿಗೆ ಅಂಕಿಗಳು ನಿದ್ದೆಗಣ್ಣಿನ ಮಕ್ಕಳ ಹಾಗೆ ಮಂಕುಮಂಕಾಗಿ ಎದ್ದು ಬರುತ್ತವೆ. ಜೊತೆಗೆ ಪಂಚೆಯಲ್ಲಿ ತೂತುಗಳೂ ಬರುತ್ತವೆ!

"ಏನ್ರೀ, ಆ ಪಂಚೆ ಉಟ್ಕೊಂಡು ಗೇಟಿನ ಹತ್ರ ನಿಲ್ಬೇಡಿ. ಹಿಟ್ಟು ಜರಡಿ ಹಿಡಿಯಕ್ಕೆ ಕೊಡಿ ಅಂತ ಯಾರಾದ್ರೂ ಕೇಳ್ತಾರೆ" ಎನ್ನುತ್ತಾರೆ ಅತ್ತೆ.

ಶಿವಮೊಗ್ಗಕ್ಕೆ, ದುರ್ಗಿಗುಡಿಯ ನಮ್ಮ ಮನೆಗೆ ಬಂದರೆ ಕಾಫಿಗೂ ಮೊದಲು ದೇವರಮನೆಗೆ ನುಗ್ಗುತ್ತಾರೆ. ಭಕ್ತಿ ಅಂದುಕೊಂಡಿರಾ? ಒಮ್ಮೆ ಅವರು ಕಲಶದೊಳಗಿನ ನಾಣ್ಯಕ್ಕೆ ಕೈ ಇಳಿಬಿಟ್ಟದ್ದನ್ನು ಕಂಡು ನನ್ನ ಹೆಂಡತಿ ಕಿರುಚಿಯೇಬಿಟ್ಟಳು. "ಗಾಬರಿ ಬೀಳ್ಬೇಡ ಮಾರಾಯ್ತಿ, ವಯಸ್ಸು ಕೇಳಿ ವಾಪಸ್ ಬಿಡ್ತೀನಿ!"

ಬಜಾರಿನ ನಾಣ್ಯದ ವ್ಯಾಪಾರಿಗೂ ಇವರಿಗೂ ಎಣ್ಣೆ ಸೀಗೆಕಾಯಿ.

"ಆಸಿಡ್ ಮುಟ್ಟಿದ ಕಾಯಿನ್ ಯಾರು ತಗೋತಾರೆ ಸಾರ್?"

"ಇಸವಿನೇ ಇಲ್ಲದ್ದನ್ನ ಯಾರು ತಗೋತಾರೆ?"

"ಅದನ್ನೂ ಯಾರೂ ತಗೊಳಲ್ಲ."

"ಮತ್ತೆ? ಹೇಗೂ ಮಾರಾಟವಾಗಲ್ಲ ಅಂದ್ರೆ, ತನ್ನ ಇಸವಿ ಗೊತ್ತಿದ್ದೇ ಇರ್ಲಿ ಬಿಡು ಮಾರಾಯ!"

ಈಚೆಗೆ ನಾನು ಕಾಗದನಗರಕ್ಕೆ ಹೋಗಿದ್ದಾಗ ಒಂದು ವಿಚಿತ್ರ ನಡೆಯಿತು. ಆಸಿಡ್ ಸೀಸೆಗೆ ದಿನಾ ಶಾಪ ಹಾಕುವ ಅತ್ತೆ ತಾವಾಗಿಯೇ ಕುಂಕುಮದ ಭರಣಿ ತಂದು, ಅದರ ಕೊರಳಿಗೆ ಕಟ್ಟಿದ್ದ ಬಟ್ಟೆಯ ಗಂಟು ಬಿಚ್ಚಿ, ಸವೆದ ತೂತುಕಾಸೊಂದನ್ನು ತೆಗೆದು ಮಾವನ ಮುಂದಿಟ್ಟರು. ಅತ್ತೆಯ ಅಮ್ಮನದು. ಅಮ್ಮ ಹುಟ್ಟಿದ ವರ್ಷ ಹೊಸದಾಗಿ ಬಂದ ಕಾಸೆಂದು ಅಜ್ಜ ಅವಳ ಉಡಿದಾರಕ್ಕೆ ಪೋಣಿಸಿದ್ದನಂತೆ. ದೊಡ್ಡವಳಾದ ಮೇಲೆ ಅದನ್ನೇ ಹಣೆಗಿಟ್ಟು, ತೂತಿನೊಳಗೆ ಕುಂಕುಮ ತುಂಬಿ ದುಂಡನೆಯ ಬೊಟ್ಟು ಇಟ್ಟುಕೊಳ್ಳುತ್ತಿದ್ದಳಂತೆ. ಅತ್ತೆ ಇನ್ನೂ ಲಂಗ ಹಾಕುವ ವಯಸ್ಸಿನಲ್ಲೇ ಅಮ್ಮ ತೀರಿಹೋದಳಂತೆ. ಒಂದು ಫೋಟೋ ಕೂಡ ಇಲ್ಲ.

"ಹೋದಾಗ ಅಮ್ಮಂಗೆ ಎಷ್ಟು ವಯಸ್ಸು ಅಂತ ಹೇಳೋರೇ ಯಾರೂ ಉಳಿದಿಲ್ಲ" ಎಂದರು ಅತ್ತೆ. "ಇಸವಿ ಗೊತ್ತಾದ್ರೆ ಲೆಕ್ಕ ಹಾಕ್ಬಹುದಲ್ವಾ?"

ಮಾವ ಭೂತಗನ್ನಡಿ ಹಿಡಿದರು. ಕಾಸನ್ನು ಬೆಳಕಿಗೆ ಒಡ್ಡಿ ತಿರುಗಿಸಿ ತಿರುಗಿಸಿ ನೋಡಿದರು.

"ಇಲ್ಲಿ ನೋಡು. ತೂತಿನ ಅಂಚಲ್ಲಿ ಕೆಂಪಗಿದೆ."

"ಕಿಲುಬಾ?"

"ಕಿಲುಬು ಹಸಿರು ಕಣೇ. ಇದು ಕುಂಕುಮ. ನಿಮ್ಮಮ್ಮ ಇಟ್ಕೊಂಡಿದ್ದು." ಮಾವ ಭೂತಗನ್ನಡಿಯನ್ನು ಅತ್ತೆಯತ್ತ ಸರಿಸಿದರು. "ಮೊದಲು ತೊಳೀದೆ ಆಸಿಡ್ ಹಾಕೋ ಹಾಗಿಲ್ಲ. ತೊಳೆದ್ರೆ ಇಸವಿ ಬರುತ್ತೆ, ಇದು ಹೋಗುತ್ತೆ. ಏನ್ ಮಾಡ್ಲಿ?"

ಅತ್ತೆ ಭೂತಗನ್ನಡಿಯೊಳಗೆ ಬಗ್ಗಿ ಬಹಳ ಹೊತ್ತು ನೋಡಿದರು.

"ತೊಳೀಬೇಡಿ" ಎಂದರು.

ಆಮೇಲೆ ಕಾಸನ್ನು ಹಣೆಗಿಟ್ಟುಕೊಂಡು, ಕಣ್ಣು ಮುಚ್ಚಿ, ಮುಖವನ್ನು ಮಾವನತ್ತ ಎತ್ತಿದರು. ಮಾವ ಕಡ್ಡಿ ಕೆಳಗಿಟ್ಟು ಬೆರಳನ್ನು ಪಂಚೆಗೆ ಒರೆಸಿಕೊಂಡರು. ಭರಣಿಗೆ ಅದ್ದಿ, ಉಸಿರು ಬಿಗಿಹಿಡಿದು, ಆ ತೂತಿನೊಳಗೆ ಕುಂಕುಮ ತುಂಬಿದರು. ಒಂದು ಕಣವೂ ಆಚೆ ಚೆಲ್ಲಲಿಲ್ಲ.