ಎಣ್ಣೆ ಬಟ್ಟಲು ಹಿಡಿದ ಯೋಗಿ

ನನ್ನ ಹೆಂಡತಿ ಮಲಕಮ್ಮನ ಬೈಗುಳದಲ್ಲಿ ನ್ಯಾಯವಿರುತ್ತದೆ, ಅದೇ ನನ್ನ ದೂರು. ನ್ಯಾಯವಿಲ್ಲದಿದ್ದರೆ ನಾನೂ ಎರಡು ಮಾತು ತಿರುಗಿ ಆಡಬಹುದಿತ್ತು. ದೋರನಹಳ್ಳಿಯ ಕುರಿಗಳೆಲ್ಲ ಉಣ್ಣೆ ಕತ್ತರಿಸಿಕೊಂಡು ಹಗುರಾಗಿ ಓಡಾಡುತ್ತಿದ್ದವು. ನಮ್ಮ ನಲವತ್ತು ಮಾತ್ರ ಬಿರುಬಿಸಿಲಿನಲ್ಲಿ ಕಂಬಳಿ ಹೊದ್ದ ಮುದುಕರ ಹಾಗೆ ಏದುಸಿರು ಬಿಡುತ್ತಿದ್ದವು. ಹೋದ ವರ್ಷ ಅವಳ ಅಣ್ಣ ಯಂಕಣ್ಣ ಬಂದು ಕತ್ತರಿಸಿಕೊಟ್ಟಿದ್ದ. ಈ ವರ್ಷ ಅವನಿಗೂ ಸಾಕಾಗಿತ್ತು.

"ಕತ್ತರಿ ಯಾವಾಗ ಹಿಡೀತೀರಿ? ಕುರಿ ಬಂದು ಕಾಲಿಗಿ ಬೀಳಬೇಕೇನು?"

"ನಾಳಿ ಹಿಡೀತೀನಿ."

"ನಿಮ್ಮ ನಾಳಿ ಇನ್ನಾ ಊರಿಗೇ ಬಂದಿಲ್ಲ!"

ನಾನು ಕತ್ತರಿ ಮುಟ್ಟದ ಕಾರಣ ಅವಳಿಗೆ ಗೊತ್ತು. ನಿಮಗೂ ಹೇಳಿಬಿಡುತ್ತೇನೆ. ಎರಡು ವರ್ಷದ ಹಿಂದೆ, ನಿಜಾಮನ ರಜಾಕಾರರ ಗದ್ದಲದಲ್ಲಿ, ನಾವು ಹಿಂಡು ಹೊಡೆದುಕೊಂಡು ಊರು ಬಿಟ್ಟು, ಹೊಳೆಯಾಚೆಯ ಶಿಬಿರ ಸೇರಿದ್ದೆವು. ಅಲ್ಲಿ ನಮ್ಮ ಆರು ವರ್ಷದ ಮಗಳು ಗುರಮ್ಮನಿಗೆ ಜ್ವರ ಬಂತು. ಜ್ವರ ತಲೆಗೇರಿದೆ, ಕೂದಲು ತೆಗೆದು ತಣ್ಣೀರು ಬಟ್ಟೆ ಹಾಕಿ ಎಂದರು ಯಾರೋ. ಆ ಗದ್ದಲದಲ್ಲಿ ಕ್ಷೌರದವನನ್ನು ಎಲ್ಲಿಂದ ತರಲಿ? ನನ್ನ ಹತ್ತಿರ ಕುರಿಯ ಕತ್ತರಿ ಇತ್ತು. ನಡು ಮುಟ್ಟುವ ಕೂದಲು. ಮಲಕಮ್ಮ ಬೇಡ ಬೇಡ ಎನ್ನುತ್ತಿದ್ದರೂ ನಾನೇ ಕಚಕಚ ಕತ್ತರಿಸಿ ಹಾಕಿದೆ. ಮಗಳು ಉಳಿಯಲಿಲ್ಲ. ಆ ಸದ್ದು ಮಾತ್ರ ನನ್ನ ತಲೆಯಲ್ಲಿ ಉಳಿಯಿತು. ಕತ್ತರಿ ಕೈಗೆ ಬಂದರೆ ಸಾಕು, ಶುರುವಾಗುತ್ತದೆ. ಇದರ ಬಗ್ಗೆ ಗಂಡ ಹೆಂಡತಿ ನಾವು ಒಂದು ಮಾತೂ ಆಡಿರಲಿಲ್ಲ.

ತಲೆಯೊಳಗಿನ ಸದ್ದಿಗೆ ಧ್ಯಾನವೇ ಮದ್ದು ಎಂದವರು ಬಸವಂತರಾಯ ಮಾಸ್ತರರು. ಶಹಾಪುರದ ಶಾಲೆಯಲ್ಲಿ ಹುಡುಗರನ್ನು ತಿದ್ದಿ ಮುಗಿಸಿ, ಈಗ ನಮ್ಮೂರಿನ ದೊಡ್ಡವರನ್ನು ತಿದ್ದಲು ಬಂದು ನೆಲೆಸಿದವರು. (ನನಗೆ ಅಕ್ಷರ ಕಲಿಸಿದವರೂ ಅವರೇ. ಇಲ್ಲಿ ತಪ್ಪು ಕಂಡರೆ ಅವರನ್ನೇ ಕೇಳಿ.)

"ದಿಮಾಗ ಖಾಲಿ ಮಾಡು ಬೀರಣ್ಣ. ಶಹಾಪುರದ ಗುಡ್ಡ ನೋಡು, ಮನುಷ್ಯಾ ಮಲಗಿದಂಗ ಮಲಗ್ಯದ. ಎಂದಾದ್ರೂ ಅಳ್ಳಾಡ್ಯದೇನು?"

"ಗುಡ್ಡಕ್ಕ ಕುರಿ ಇಲ್ರಿ ಮಾಸ್ತರ," ಎಂದಳು ಮಲಕಮ್ಮ ಒಳಗಿನಿಂದ. "ಇವರಿಗಿ ನಲವತ್ತು ಅದಾವ."

ಮಾಸ್ತರರು ಹೋದ ಮೇಲೆ ಹೊರಗೆ ಬಂದು ನನ್ನ ಮುಖ ನೋಡಿದಳು. "ಖಾಲಿ ಮಾಡ್ತೀರಿ? ಒಳಗ ಇದ್ದಾಕಿ ಎಲ್ಲಿಗಿ ಹೋಗಬೇಕು? ಆಕಿಗಿ ಬ್ಯಾರೆ ಮನಿ ಎಲ್ಲದ?" ಅದನ್ನು ಮಾಸ್ತರರು ಹೇಳಿಕೊಟ್ಟಿರಲಿಲ್ಲ. ಹಾಗಾಗಿ ಧ್ಯಾನ ಶುರು ಮಾಡಿದೆ.

ಮೊದಲ ಪಾಠ, ಉಸಿರು ಎಣಿಸುವುದು. ನೂರಾ ಎಂಟು ನಿನಗೆ ಜಾಸ್ತಿಯಾಯಿತು, ಕುರಿ ಎಷ್ಟೋ ಅಷ್ಟೇ ಎಣಿಸು ಎಂದು ಮಾಸ್ತರರು ರಿಯಾಯಿತಿ ಕೊಟ್ಟಿದ್ದರು. ಸಂಜೆ ಹಿಂಡನ್ನು ದೊಡ್ಡಿಗೆ ಕೂಡಿ, ಪಡಸಾಲೆಯಲ್ಲಿ ಪದ್ಮಾಸನಾರೂಢನಾದೆ. (ಒಂದು ಕಾಲು ಮಾತ್ರ ಆರೂಢವಾಯಿತು. ಇನ್ನೊಂದು ಒಪ್ಪಲಿಲ್ಲ.) ಒಂದು, ಎರಡು, ಹತ್ತು, ಇಪ್ಪತ್ತು... ಮೂವತ್ತೊಂಬತ್ತರವರೆಗೆ ಬಂದೆ. ಮುಂದಿನದು ಬರಲೇ ಇಲ್ಲ. ಒಂದು ಕಡಿಮೆ! ಎಣಿಕೆಯಲ್ಲಿ ಒಂದು ಕಡಿಮೆ ಬಿದ್ದರೆ ಕುರುಬ ಏನು ಮಾಡುತ್ತಾನೆ? ನಾನೂ ಅದನ್ನೇ ಮಾಡಿದೆ. ಕಂಬಳಿ ಹೆಗಲಿಗೇರಿಸಿ, ಬಡಿಗೆ ಹಿಡಿದು ಹುಡುಕಲು ಹೊರಟೇಬಿಟ್ಟೆ. ಓಣಿಯ ಕೊನೆ ಮುಟ್ಟಿದಾಗ ಎಚ್ಚರವಾಯಿತು.

"ಯಾವುದು ತಪ್ಪಿಸಿಕೊಂಡಿತ್ತು?" ಬಾಗಿಲಲ್ಲಿ ನಿಂತ ಮಲಕಮ್ಮ ಕೇಳಿದಳು.

"ಉಸಿರು."

"ಹಿತ್ತಲದಾಗ ನೋಡಿದ್ರೇನು?"

ಎರಡನೆಯ ಪಾಠ, ದೀಪದ ಕುಡಿಯನ್ನು ರೆಪ್ಪೆ ಬಡಿಯದೆ ನೋಡುವುದು. ನೋಡಿದೆ. ಕಣ್ಣು ಸುರಿಯತೊಡಗಿದವು. ಹೊಗೆ ಎಂದೆ. ದೀಪದಲ್ಲಿ ಹೊಗೆಯೇ ಇರಲಿಲ್ಲ. ಅಂಥ ಅವಕಾಶ ಸಿಕ್ಕರೂ ಅವಳು ಬೈಯಲಿಲ್ಲ, ಸೆರಗಿನಿಂದ ದೀಪ ಆರಿಸಿ ಒಳಗೆ ಹೋದಳು. ಬೈದಿದ್ದರೆ ಚೆನ್ನಾಗಿತ್ತು.

"ಹಂಗಾದ್ರ ಬರೋ ವಿಚಾರ ಬರಲಿ, ಹೋಗೋದು ಹೋಗಲಿ," ಎಂದರು ಮಾಸ್ತರರು. "ಹಿಂಡು ಹೋದಂಗ ಹೋಗ್ತಾವ. ನೀ ಬೆನ್ನು ಹತ್ತಬ್ಯಾಡ."

"ಬೆನ್ನು ಹತ್ತದಿದ್ರ ಮಂದಿ ಜ್ವಾಳಕ್ಕ ಬೀಳ್ತಾವಲ್ರಿ ಮಾಸ್ತರ! ಬೈಸಿಕೊಳ್ಳೋರು ಯಾರು?"

ಆದರೂ ಕೂತೆ. ವಿಚಾರಗಳು ಸಾಲಾಗಿ ಬಂದವು, ಹೋದವು. ಎಲ್ಲದರ ಹಿಂದೆ ಗುರಮ್ಮ ಬಂದಳು. ನನ್ನ ಕತ್ತರಿ ಬಿಟ್ಟಂತೆ ಅಲ್ಲೊಂದಿಷ್ಟು ಇಲ್ಲೊಂದಿಷ್ಟು ಕೂದಲು ಉಳಿದ ತಲೆ. ಅವಳನ್ನು ಹೋಗು ಎನ್ನಲು ನನ್ನಿಂದಾಗಲಿಲ್ಲ.

ಇಷ್ಟು ದಿನವೂ ಮಲಕಮ್ಮ ನನ್ನ ಹಿಂದೆ ಗೋಡೆಗೊರಗಿ ಕೂತಿರುತ್ತಿದ್ದಳು, ಕಣ್ಣು ಮುಚ್ಚಿಕೊಂಡು. ದಣಿದಿದ್ದಾಳೆ, ತೂಕಡಿಸುತ್ತಾಳೆ ಎಂದುಕೊಂಡಿದ್ದೆ. ಮಡಿಲಲ್ಲಿ ಬೆರಳು ಮಾತ್ರ ಮೆಲ್ಲಗೆ ಆಡುತ್ತಿದ್ದವು.

ಎಂಟನೆಯ ದಿನ ಮಾಸ್ತರರು ತಪಾಸಣೆಗೆ ಬಂದರು. ಅವರ ಕೆಮ್ಮು ಕೇಳಿದ್ದೇ ತಡ, ನಾನು ಬೆನ್ನು ನೆಟ್ಟಗೆ ಮಾಡಿ, ಮೂಗು ಮೇಲೆತ್ತಿ, ಮಹಾಸಮಾಧಿಗೆ ಇಳಿದೆ. ಚಪ್ಪಲಿಯ ಸದ್ದು ಹತ್ತಿರ ಬಂತು. ಹೊಗಳಿಕೆಗೆ ಕಾದೆ. ಸದ್ದು ನನ್ನನ್ನು ದಾಟಿ ಹೋಯಿತು. ಒಂದು ಕಣ್ಣು ತೆರೆದು ನೋಡಿದರೆ, ಮಾಸ್ತರರು ನನ್ನ ಹೆಂಡತಿಯ ಮುಂದೆ ಕೈಮುಗಿದು ನಿಂತಿದ್ದರು! ಅವಳ ಕೆನ್ನೆಯ ಮೇಲೆ ನೊಣ ಕೂತಿತ್ತು. ಅವಳಿಗೆ ಅದರ ಅರಿವೇ ಇರಲಿಲ್ಲ.

ಅವಳು ಕಣ್ಣು ತೆರೆಯುವವರೆಗೆ ಕಾದು ಕೇಳಿದರು. "ತಂಗಿ, ಇದು ಯಾವ ಪದ್ಧತಿ? ಉಸಿರೇನು, ದೀಪೇನು?"

"ಅದೆಲ್ಲ ನಂಗ ತಿಳಿಯಂಗಿಲ್ರಿ." ಅವಳು ಸೆರಗು ಸರಿ ಮಾಡಿಕೊಂಡಳು. "ಕಣ್ಣ ಮುಚ್ಚಿ ಗುರಮ್ಮನ ತೆಲಿ ಬಾಚ್ತೀನಿ. ಎಣ್ಣಿ ಹಚ್ಚಿ, ಸಿಕ್ಕು ಬಿಡಿಸಿ, ಹೇನು ತೆಗೆದು, ಎರಡು ಜಡಿ ಹಾಕ್ತೀನಿ. ಕೂದಲಾ ಬಾಳ ಉದ್ದರಿ, ಅದಕ್ಕ ಹೊತ್ತು ಹಿಡಿತದ."

ಮಾಸ್ತರರು ಕನ್ನಡಕ ತೆಗೆದು ಧೋತರದ ಚುಂಗಿನಿಂದ ಒರೆಸಿದರು. ನಾನು ಪಾಸೋ ನಪಾಸೋ ಹೇಳದೆಯೇ ಹೋಗಿಬಿಟ್ಟರು.

ನಾನು ಮೆಲ್ಲಗೆ ಜರುಗಿ ಅವಳ ಪಕ್ಕಕ್ಕೆ ಹೋದೆ.

"ಆಕಿ ಕೂದಲಾ... ಇನ್ನಾ ಅದ?"

"ನನ್ನ ಹತ್ತರ ಅದ. ಬೆಳ್ಯಾಕತ್ತದ."

"ಅವತ್ತು ನಾ ಕತ್ತರಿಸಬಾರದಿತ್ತು." ಎರಡು ವರ್ಷದಿಂದ ನುಂಗಿಕೊಂಡಿದ್ದ ಮಾತು ಹೊರಗೆ ಬಿತ್ತು. ಈ ಸಲ ಹೊಗೆ ಎನ್ನಲು ದೀಪವೂ ಇರಲಿಲ್ಲ.

"ಜ್ವರ ಇಳೀಲಿ ಅಂತ ಕತ್ತರಿಸಿದ್ರಿ. ನಂಗ ಗೊತ್ತಿಲ್ಲೇನು?" ಅವಳ ದನಿಯೂ ಒಡೆದಿತ್ತು.

ಆ ಧೈರ್ಯದಲ್ಲಿ ಕೇಳಿದೆ. "ಒಂದೀಟು ನಾನೂ ಬಾಚಲೇನು?"

ಅವಳ ಕಣ್ಣು ಅಗಲವಾದವು. "ನೀವಾ! ಬ್ಯಾಡಪ್ಪ ಬ್ಯಾಡ. ನಿಮ್ಮ ಕೈ ಬಿರುಸು, ಹುಡುಗಿ ಚೀರ್ತಾಳ." ಗೋಡೆಗೊರಗಿ ಮತ್ತೆ ಕಣ್ಣು ಮುಚ್ಚಿದಳು. "ಎಣ್ಣಿ ಬಟ್ಟಲಾ ಹಿಡಕೊಂಡು ಸುಮ್ಮ ಕುಂದ್ರಿ."

ಎಂಟು ದಿನದ ಘೋರ ತಪಸ್ಸಿಗೆ ನನಗೆ ಸಿಕ್ಕ ಪದವಿ ಇದು. ಕಣ್ಣು ಮುಚ್ಚಿ ಎರಡೂ ಖಾಲಿ ಅಂಗೈ ಮುಂದೆ ಚಾಚಿದೆ. ಔಡಲ ಎಣ್ಣೆ, ಅಂಚಿನವರೆಗೆ ತುಂಬಿದೆ. ನನ್ನದೋ ಬಿರುಸು ಕೈ. ಒಂದು ಹನಿ ಚೆಲ್ಲಿದರೂ ಅವಳು ಬಿಡುವುದಿಲ್ಲ. ಉಸಿರು ಎಣಿಸಲಿಲ್ಲ, ಯಾವ ವಿಚಾರದ ಬೆನ್ನೂ ಹತ್ತಲಿಲ್ಲ. ಕತ್ತರಿಯ ಸದ್ದು ಬಂತೋ ಇಲ್ಲವೋ, ನನಗೆ ಗಮನವಿರಲಿಲ್ಲ. ಪಕ್ಕದಲ್ಲಿ ಅವಳು ಬಾಚುತ್ತಿದ್ದಳು.

"ಹುಷಾರ್ರಿ, ಈ ಕಡಿ ಚೆಲ್ಲಾಕತ್ತದ," ಎಂದಳು ಕಣ್ಣು ತೆರೆಯದೆಯೇ. "ನಾಳಿ ಕುರಿ ಕತ್ತರಿಸೋ ಕೈ ಅದು. ಗಟ್ಟಿ ಹಿಡೀರಿ."

ನಾನು ಬಟ್ಟಲನ್ನು ನೆಟ್ಟಗೆ ಮಾಡಿಕೊಂಡೆ.