ಗಿಟಾರಿಗೊಂದು ಅಂಗಿ

ಟೈಲರನಿಗೆ ಬೇಕರಿಯವಳ ಮೇಲೆ ಮನಸ್ಸು. ಬೇಕರಿಯವಳಿಗೆ ಎದುರಿನ ಸಲೂನಿನವನ ಗಿಟಾರಿನ ಮೇಲೆ ಕಿವಿ. ಗಿರಾಕಿಗಳಿಲ್ಲದಾಗ ಅವನು ಬಾಗಿಲಲ್ಲಿ ಕೂತು ತಂತಿ ಮೀಟಿದರೆ ಸಾಕು, ಇವಳು ಬ್ರೆಡ್ ಕತ್ತರಿಸುವುದನ್ನೇ ಮರೆಯುತ್ತಿದ್ದಳು. ಟೈಲರನ ಹೊಲಿಗೆ ಯಂತ್ರವೂ ದಿನವಿಡೀ ಸದ್ದು ಮಾಡುತ್ತಿತ್ತು. ಅದಕ್ಕೆ ತಲೆದೂಗುವವರು ಯಾರು? ಪಾಪ, ಅವನ ಹೊಟ್ಟೆಗೆ ಬೆಂಕಿ ಬಿದ್ದು ವರ್ಷವಾಗಿತ್ತು.

ಆ ಬೆಳಿಗ್ಗೆ ಸಲೂನಿನವನು ಗಿಟಾರನ್ನು ಮಗುವಿನ ಹಾಗೆ ಎತ್ತಿಕೊಂಡು ಬಂದ.

"ಗುರುವೇ, ಇದಕ್ಕೊಂದು ಕವರ್ ಹೊಲಿದುಕೊಡಿ. ಕತ್ತರಿಸಿದ ಕೂದಲೆಲ್ಲ ಇದರ ಹೊಟ್ಟೆಯೊಳಗೇ ಹೋಗ್ತಿದೆ. ಸಂಜೆ ಬೇಕರೀಲಿ ನುಡಿಸ್ಬೇಕು, ಅವರೇ ಕರ್ದಿದ್ದಾರೆ."

"ಅದಕ್ಕೇನಂತೆ, ಕೊಡಿ" ಎಂದ ಟೈಲರ್, ಹಲ್ಲು ಕಚ್ಚಿಕೊಂಡು. ಅಳತೆ ಸರಿಯಾಗಿಯೇ ತೆಗೆದ. ಬಟ್ಟೆಯನ್ನು ಮಾತ್ರ ಬೇಕೆಂದೇ ಸುತ್ತಲೂ ಒಂದು ಬೆರಳು ಕಡಿಮೆ ಕತ್ತರಿಸಿದ.

ಪಕ್ಕದ ಗಡಿಯಾರ ರಿಪೇರಿಯವನು ಇಣುಕಿದ. "ಏನ್ರೀ, ತುಂಬಾ ಬಿಗಿ ಆಯ್ತಲ್ಲ?"

"ಧೂಳು ಹೋಗಬಾರದಲ್ಲ! ಬನ್ನಿ, ಒಂದು ಕೈ ಹಾಕಿ."

ಗಿಟಾರನ್ನು ಒಳಗೆ ತುರುಕುವಷ್ಟರಲ್ಲಿ ಇಬ್ಬರೂ ಬೆವರಿ ತೊಪ್ಪೆಯಾದರು. ಟೈಲರನ ಹೆಬ್ಬೆರಳಿನ ಚರ್ಮ ಜಿಪ್ಪಿಗೆ ಸಿಕ್ಕಿ ಕಿತ್ತುಬಂತು. ಗಡಿಯಾರದವನು ಹೋದ ಮೇಲೆ ಟೈಲರ್ ಜಿಪ್ಪಿನ ಹಿಡಿಯನ್ನು ಇಕ್ಕಳದಲ್ಲಿ ಮುರಿದು ಹಾಕಿದ. ನುಡಿಸು ಮಗನೇ, ಈಗ ನುಡಿಸು!

ಸಂಜೆ ತಮಾಷೆ ನೋಡಲು ಟೈಲರ್ ಬೇಕರಿಯ ಮುಂದಿನ ಬೆಂಚಿನಲ್ಲೇ ಕೂತ. ಸಲೂನಿನವನು ಎಳೆದ, ಜಗ್ಗಿದ, ಮೊಣಕಾಲಿನ ನಡುವೆ ಇಟ್ಟುಕೊಂಡು ತಿರುಚಿದ. ಕವರು ಜಪ್ಪಯ್ಯ ಎನ್ನಲಿಲ್ಲ.

"ಎಣ್ಣೆ ಬಿಡಿ" ಎಂದರೊಬ್ಬರು. "ಸೋಪು ಉಜ್ಜಿ" ಎಂದರು ಇನ್ನೊಬ್ಬರು. ಗಡಿಯಾರದವನು "ಕತ್ತರಿ ಹಾಕ್ರೀ ಅತ್ಲಾಗೆ!" ಎಂದ.

"ಬೇಡ ಬೇಡ, ಗಿಟಾರಿಗೆ ಗೀರು ಬಿದ್ರೆ?" ಎಂದು ದಿನವಿಡೀ ಕತ್ತರಿ ಆಡಿಸುವವನೇ ಬೆಚ್ಚಿದ. ಮುಖ ಬೆಂದ ಬದನೆಕಾಯಿಯಾಗಿತ್ತು. ಟೈಲರನಿಗೆ ವರ್ಷದ ನಂತರ ಮೊದಲ ಬಾರಿ ಹೊಟ್ಟೆ ತಣ್ಣಗಾಯಿತು.

ಬೇಕರಿಯವಳು ಸೆರಗಿಗೆ ಕೈ ಒರೆಸಿಕೊಂಡು ಹೊರಬಂದಳು. "ಅದನ್ನ ಆ ಕಡೆ ಇಡಿ. ಒಂದು ವರ್ಷದಿಂದ ಬರೀ ಅದೇ ಮಾತಾಡ್ತಿದೆ. ಇವತ್ತಾದ್ರೂ ನೀವು ಮಾತಾಡಿ."

ಗಿಟಾರಿಲ್ಲದ ಕೈಗಳನ್ನು ಎಲ್ಲಿಡಬೇಕೆಂದು ಸಲೂನಿನವನಿಗೆ ತಿಳಿಯಲಿಲ್ಲ. "ನಂಗೆ... ನಂಗೆ ನಿಮ್ಮನ್ನ ಮದುವೆ ಆಗ್ಬೇಕು" ಎಂದುಬಿಟ್ಟ.

"ಅಬ್ಬ! ಇಷ್ಟು ಹೇಳೋಕೆ ಅಷ್ಟೆಲ್ಲ ಹಾಡು ಬೇಕಿತ್ತಾ?"

ಬೀದಿಗೆ ಬೀದಿಯೇ ಚಪ್ಪಾಳೆ ತಟ್ಟಿತು. ಟೈಲರ್ ಮಾತ್ರ ಬೆಂಚಿಗೆ ಅಂಟಿಕೊಂಡ. ಬೇಕರಿಯವಳು ನೇರ ಅವನ ಬಳಿ ಬಂದಳು. ಕಣ್ಣು ತುಂಬಿತ್ತು.

"ಅಣ್ಣಾ" ಎಂದಳು, "ನಿಮ್ಮ ಉಪಕಾರ ಯಾವತ್ತೂ ಮರೆಯಲ್ಲ. ಮದುವೆ ಬಟ್ಟೆ ನೀವೇ ಹೊಲೀಬೇಕು. ಇವರದ್ದು ಮಾತ್ರ ಹೀಗೇ ಬಿಗಿಯಾಗಿರ್ಲಿ!"