ಕೋಳಿಯ ಕುತ್ತಿಗೆ, ನನ್ನ ಹಟ

ಮೊಟ್ಟೆ ಸಹ ತಿನ್ನದ ಮನೆಯವರು ಕೋಳಿ ಸಾಕಿದರೆ ಇಂಥವೆಲ್ಲ ಆಗುತ್ತಲೇ ಇರುತ್ತವೆ. ನಮ್ಮಲ್ಲಂತೂ ತಿಂಗಳಿಗೊಂದು ಫಜೀತಿ ತಪ್ಪುವುದಿಲ್ಲ. ಹೈಸ್ಕೂಲಿನಲ್ಲಿ ಮೂವತ್ತು ವರ್ಷ ವಿಜ್ಞಾನ ಕಲಿಸುವ ಅಕ್ಕೋರಾಗಿದ್ದು ನಿವೃತ್ತಳಾದ ಮೇಲೆ, ಸಂತೆಯಲ್ಲಿ ಗುಲಾಬಿ ಬಣ್ಣ ಬಳಿದು ಮಾರುತ್ತಿದ್ದ ಎರಡು ಮರಿಗಳನ್ನು ಕನಿಕರ ತಡೆಯಲಾಗದೆ ನವನಗರದ ಮನೆಗೆ ತಂದೆ. ಈಗ ಹಿತ್ತಲಲ್ಲಿ ಹನ್ನೆರಡು ಕೋಳಿಗಳಿವೆ. ಮೊಟ್ಟೆ ಓಣಿಯವರ ಪಾಲು, ಕೆಲಸ ನನ್ನ ಪಾಲು, ಟೀಕೆ ನಮ್ಮ ಯಜಮಾನರ ಪಾಲು.

ಡಾಕ್ಟರ ಪಾಠ

ಒಂದು ಮುಂಜಾನೆ ಮುಂಗುಸಿ ಒಂದು ಕೋಳಿಯನ್ನು ಕಚ್ಚಿ ಅರೆಜೀವ ಮಾಡಿ ಹೋಯಿತು. ದನದ ಡಾಕ್ಟರಿಗೆ ಫೋನ್ ಮಾಡಿದೆ. ಅವರು ಬರುವಷ್ಟರಲ್ಲಿ ಯಜಮಾನರು ಮೊಬೈಲಿನಲ್ಲಿ ಏನೋ ಹುಡುಕಿ ಇಟ್ಟಿದ್ದರು.

"ಫ್ರಿಜ್ಜಿನ್ಯಾಗ ಇಟ್ರ ತಣ್ಣಗ ನಿದ್ದಿ ಹತ್ತತೈತಂತ್ರಿ, ಡಾಕ್ಟ್ರ."

"ಒಂದು ತಾಸು ನಿಮ್ಮನ್ನ ಇಟ್ಟು ನೋಡೂಣೇನ್ರಿ?" ಎಂದು ಡಾಕ್ಟರು ಕೋಳಿಯನ್ನು ಎತ್ತಿಕೊಂಡರು. ಆಮೇಲೆ ನನ್ನ ಕಡೆ ತಿರುಗಿ ಹೇಳಿದರು: "ಅಕ್ಕೋರ, ಇದು ಉಳಿಯೂದಿಲ್ಲ. ನೀರಾಗ ಮುಳಗಸೂದು, ಥಂಡ್ಯಾಗ ಇಡೂದು, ಇವೆಲ್ಲಾ ಹಿಂಸಾ. ಟಾವೆಲ್ ಸುತ್ತಿ, ಕತ್ತಲದಾಗ ಸಮಾಧಾನ ಮಾಡಿ, ಗಟ್ಟಿ ಕೈಲೆ ಒಂದ ಸಲ ಕುತ್ತಿಗಿ ಎಳೀಬೇಕು. ನಾವು ಅಂಜಿ ಅಂಜಿ ಮಾಡಿದ್ರ ಅದು ಒದ್ದಾಡತೈತಿ."

ನಾನು ಕಣ್ಣು ಮುಚ್ಚಿ ತೆಗೆಯುವುದರೊಳಗೆ ಮುಗಿದಿತ್ತು. ಕೋಳಿ ಒಂದು ಸದ್ದೂ ಮಾಡಲಿಲ್ಲ.

"ಮುಂದಿನ ಸಲ ನೀವ ಮಾಡಬೇಕು. ನಾ ಬರೂತನಕಾ ಅದ್ಯಾಕ ನೋವು ತಿನ್ನಬೇಕು? ಆಗೂದಿಲ್ಲಂದ್ರ ಕೋಳಿ ಸಾಕೂದ ಬಿಡ್ರಿ" ಎಂದರು.

ಆ ಮಾತು ನನಗೆ ನಾಟಿತು. ನನ್ನ ಲ್ಯಾಬಿನಲ್ಲಿ ಎಷ್ಟೋ ಕಪ್ಪೆ ಕೊಯ್ಯಿಸಿದ್ದೆ, ಆದರೆ ಅವು ಅಟೆಂಡರನ ಕೈಯಲ್ಲಿ ಸತ್ತೇ ಮೇಜಿಗೆ ಬರುತ್ತಿದ್ದವು. ನನ್ನ ಹಿತ್ತಲಿನ ಯಾವ ಕೋಳಿಯೂ ನನ್ನ ಪುಕ್ಕಲುತನಕ್ಕಾಗಿ ಒದ್ದಾಡಬಾರದು ಎಂದು ಅವತ್ತೇ ಹಟ ತೊಟ್ಟೆ. "ಕಲಸ್ರಿ ಡಾಕ್ಟ್ರ, ಕಲೀತೇನಿ" ಎಂದೆ.

ಯಜಮಾನರು ಮೆಲ್ಲಗೆ ಹೇಳಿದರು: "ಕಲಸೂದಾದ್ರ ಕಲಸ್ರಿ. ಆದ್ರ ನಾವಿಬ್ರೂ ಜಗಳಾಡಿದ ದಿನಾ ಬ್ಯಾಡ್ರಿ."

ಸೌತೆಕಾಯಿ ಸರದಿ

ಜೀವಂತ ಕೋಳಿಯ ಮೇಲೆ ಅಭ್ಯಾಸ ಮಾಡುವುದು ಸಾಧ್ಯವೇ? ಹಾಗಾಗಿ ಸೌತೆಕಾಯಿಯಿಂದ ಶುರು ಮಾಡಿದೆ. ಟಾವೆಲ್ಲಿನಲ್ಲಿ ಸುತ್ತುವುದು, ಬೆನ್ನು ಸವರುವುದು, "ಆತವಾ, ಆತು" ಎನ್ನುವುದು, ಆಮೇಲೆ ಕಟಕ್. ಕೈ ನಡುಗಿದರೆ ಮತ್ತೊಂದು ಸೌತೆಕಾಯಿ. ಮೊದಲ ದಿನವೇ ಐದು ಮುಗಿದವು.

ಪಕ್ಕದ ಮನೆಯ ವಯಸ್ಸಾದ ಹೆಂಗಸು, ಓಣಿಯವರೆಲ್ಲ ಕಾಕು ಎನ್ನುವವರು, ಕಾಂಪೌಂಡಿಗೆ ಆನಿಕೊಂಡು ಐದನ್ನೂ ನೋಡಿದ್ದಾರೆ. ಸಂಜೆ ಹಾಲಿಗೆ ಹೊರಟ ಯಜಮಾನರನ್ನು ನಿಲ್ಲಿಸಿ, "ಅಕ್ಕೋರು ಆರಾಮ ಅದಾರಿಲ್ರಿ?" ಎಂದು ಕೇಳಿದರಂತೆ.

"ಆಕಿ ಆರಾಮ ಅದಾಳ್ರಿ. ಸೌತಿಕಾಯಿಗೋಳಿಗೆ ಆರಾಮಿಲ್ಲ" ಎಂದು ಇವರು ಮುಂದೆ ಹೋದರಂತೆ.

ರಾತ್ರಿ ಊಟಕ್ಕೆ ಅವುಗಳದೇ ಪಚಡಿ. ಯಜಮಾನರು ತಾಟಿನ ಮುಂದೆ ಕೂತು ಕೈ ಹಚ್ಚಲಿಲ್ಲ.

"ಇವು ನೋವಿಲ್ಲದ ಹೋಗ್ಯಾವಲ್ಲಾ?"

"ನಾಲ್ಕು ಹೋಗ್ಯಾವ್ರಿ. ಮೊದಲನೇದು ಸ್ವಲ್ಪ ಒದ್ದಾಡಿತು."

"ಹಂಗಾರ ಅದನ್ನ ನೀ ಬಡಿಸ್ಕೋ."

ಯಾವ ವಾರ ಒಳ್ಳೆಯದು

ಕಾಲು ತಿರುಚಿಕೊಂಡು ಹುಟ್ಟಿದ ಒಂದು ಮರಿ ಬುಟ್ಟಿಯಿಂದ ಏಳಲೂ ಇಲ್ಲ, ನೀರೂ ಕುಡಿಯಲಿಲ್ಲ. ಇವತ್ತು ನನ್ನ ಕೈಯಿಂದಲೇ ಆಗಲಿ ಎಂದು ಸೆರಗು ಸಿಕ್ಕಿಸಿ ಹೊರಟೆ. ಕಾಕು ತಡೆದರು.

"ಇವತ್ತ ಸೋಮಾರ ಅಲ್ರೀ ಅಕ್ಕೋರ. ಬಸವಣ್ಣನ ವಾರ."

"ನಾಳೆ ಮಾಡ್ಲೇನ್ರಿ?"

"ಮಂಗಳಾರ ದ್ಯಾಮವ್ವಂದು. ಬುಧವಾರ ಮಾಡಿದ್ದು ಎರಡೆರಡು ಸಲ ಮಾಡೂದು ಬರತೈತಿ. ಗುರುವಾರ ಮಠದ್ದು, ಶುಕ್ರವಾರ ಲಕ್ಷ್ಮೀದು, ಶನಿವಾರ ಹನಮಪ್ಪಂದು."

"ರವಿವಾರರ ಆಗತೈತಿಲ್ರಿ?"

"ರವಿವಾರ ಅಮಾಸಿ ಬಂದೈತ್ರಿ."

ನನಗೆ ಸಿಟ್ಟು ಬಂತು. "ಕಾಕು, ಮರಿ ನೋವಿಗೆ ವಾರ ಇಲ್ರಿ" ಎಂದು ತಿರುಗಿ ನೋಡಿದರೆ ಬುಟ್ಟಿ ಖಾಲಿ. ಯಜಮಾನರು ಮರಿಯನ್ನು ಕರವಸ್ತ್ರದಲ್ಲಿ ಇಟ್ಟುಕೊಂಡು ಸ್ಕೂಟರ್ ಹತ್ತಿ ದನದ ದವಾಖಾನೆಗೆ ಹೋಗಿಬಿಟ್ಟಿದ್ದರು. ಅರ್ಧ ತಾಸಿಗೆ ತಿರುಗಿ ಬಂದರು.

"ಡಾಕ್ಟ್ರು ಮುಗಿಸಿದ್ರು. ನೀವಿಬ್ರೂ ರವಿವಾರ ಮುಟ್ಟೂದ್ರಾಗ ಅದು ಒದ್ದಾಡಿ ಹೋಗ್ತಿತ್ತು."

ನನಗೆ ನಾಚಿಕೆಯಾಯಿತು. ಹಟ ತೊಟ್ಟವಳು ನಾನು, ಮಾತಿಗೆ ನಿಂತವಳೂ ನಾನೇ. ಆದರೆ ಕಾಕುಗೆ ಸಮಾಧಾನವಾಗಲಿಲ್ಲ.

"ಡಾಕ್ಟ್ರಿಗೆ ಸೋಮಾರ ಇಲ್ಲೇನ್ರಿ?"

"ಐತ್ರಿ ಕಾಕು. ರವಿವಾರ ಸೂಟಿ ಇರತೈತಲ್ಲ, ಸೋಮಾರ ಅವರಿಗೆ ಭಾಳ ಗದ್ದಲ" ಎಂದರು ಯಜಮಾನರು.

ಪೇಢೆ ಡಬ್ಬಿ

ಇಷ್ಟರಲ್ಲಿ, ಒಂದು ಜೀವವನ್ನೂ ಮುಗಿಸದೆಯೇ, ನೋವಿಲ್ಲದೆ ಮುಗಿಸುವ ಅಕ್ಕೋರು ಎಂದು ನನ್ನ ಹೆಸರು ಧಾರವಾಡದವರೆಗೆ ಹಬ್ಬಿತ್ತು. ಸಪ್ತಾಪುರದಲ್ಲಿ ಬಾಡಿಗೆ ಖೋಲಿಯಲ್ಲಿರುವ ಲೆಕ್ಚರರ್ ಒಬ್ಬರು ಹುಡುಕಿಕೊಂಡು ಬಂದರು. ಅವರು ಒಂದು ದೊಡ್ಡ ಮೀನು ಸಾಕಿದ್ದಾರೆ. ಅದಕ್ಕೆ ಆಹಾರವೆಂದು ಬಿಳಿ ಇಲಿಗಳನ್ನು ತಂದು, ಇಲಿಗಳಿಗೆ ಒಂದೊಂದು ಹೆಸರಿಟ್ಟು, ಈಗ ಮೀನಿಗೆ ಅಂಗಡಿಯ ಒಣ ಕಾಳು ಹಾಕುತ್ತಿದ್ದಾರೆ. ಅವುಗಳಲ್ಲಿ ಒಂದಕ್ಕೆ ಗಡ್ಡೆಯಾಗಿ ಉಸಿರಾಡಲು ಕಷ್ಟವಾಗಿತ್ತು. ಅದನ್ನು ಪೇಢೆ ಡಬ್ಬಿಗೆ ತೂತು ಕೊರೆದು ತಂದಿದ್ದರು.

"ಇಲಿದು ನನಗ ಗೊತ್ತಿಲ್ರಿ. ಗೊತ್ತಿಲ್ಲದ್ದಕ್ಕ ಕೈ ಹಾಕಿದ್ರ ಅದಕ್ಕ ತ್ರಾಸು. ಈಗಿಂದೀಗ ಡಾಕ್ಟ್ರ ಕಡೆ ನಡೀರಿ" ಎಂದು ಸೀರೆ ಬದಲಿಸಲು ಒಳಗೆ ಹೋದೆ. ಲೆಕ್ಚರರ್ ಗಾಡಿ ತಿರುಗಿಸಲು ಹೊರಗೆ ಹೋದರು.

ಡಬ್ಬಿಯ ಹತ್ತಿರ ಉಳಿದವರು ಯಜಮಾನರು ಒಬ್ಬರೇ. ಅವರಿಗೆ ಹತ್ತು ವರ್ಷದಿಂದ ಸಕ್ಕರೆ ಕಾಯಿಲೆ, ಪೇಢೆ ಮುಟ್ಟುವಂತಿಲ್ಲ. ನಾನು ಬಂದಾಗ ಮುಚ್ಚಳ ಕೈಯಲ್ಲಿ ಹಿಡಿದು ಕಂಬದ ಹಾಗೆ ನಿಂತಿದ್ದರು. ಇಲಿ ಅವರನ್ನೇ ನೋಡುತ್ತಿತ್ತು.

"ಏನ್ ಮಾಡಾಕತ್ತೀರಿ?"

"ತೂತು ಸಾಕಾಗ್ಯಾವೇನು ನೋಡಾಕತ್ತೇನಿ."

ಡಾಕ್ಟರು ಇಲಿಗೆ ಮಂಪರಿನ ಔಷಧ ಕೊಟ್ಟು ನಿದ್ದೆಯಲ್ಲೇ ಕಳಿಸಿದರು. ಆ ತಿಂಗಳು ಯಜಮಾನರ ಸಕ್ಕರೆ ರಿಪೋರ್ಟ್ ಹತ್ತು ವರ್ಷದಲ್ಲಿ ಮೊದಲ ಬಾರಿಗೆ ನಾರ್ಮಲ್ ಬಂತು.

ಬಿಳಿ ಕೋಳಿ

ನಮ್ಮ ಹಿರಿಯ ಬಿಳಿ ಕೋಳಿಗೆ ಹೊಟ್ಟೆ ಉಬ್ಬಿತು. ಡಾಕ್ಟರು ನೋಡಿ, "ಔಷಧ ಇಲ್ಲ ಅಕ್ಕೋರ. ನಾಳೆ ನಾ ಊರಾಗಿರೂದಿಲ್ಲ, ತಡಾ ಮಾಡಬ್ಯಾಡ್ರಿ" ಎಂದು ಹೋದರು.

ಬೆಳಗಾದಾಗ ಅದು ಕೊಕ್ಕು ತೆರೆದು ಏದುಸಿರು ಬಿಡುತ್ತಿತ್ತು. ಯಜಮಾನರು ಗುದ್ದಲಿ ಹಿಡಿದು ಹಿತ್ತಲಿಗೆ ಹೋದರು. ನಾನು ಕೋಳಿಯನ್ನು ಟಾವೆಲ್ಲಿನಲ್ಲಿ ಸುತ್ತಿಕೊಂಡು ಕತ್ತಲೆಯ ಸಾಮಾನಿನ ಖೋಲಿಗೆ ಹೋಗಿ ಬಾಗಿಲು ಹಾಕಿದೆ. ಅದು ನನ್ನ ಮಣಿಕಟ್ಟಿನ ಮೇಲೆ ತಲೆ ಇಟ್ಟಿತು. ಕೈ ನಡುಗತೊಡಗಿತು. ನಡುಕ ನಿಲ್ಲಲೆಂದು ನಾನು ಕಾಯುವಷ್ಟು ಹೊತ್ತೂ ನೋವು ತಿನ್ನುವುದು ಅದು ಎಂಬುದು ನೆನಪಾಯಿತು. ಹಲ್ಲು ಕಚ್ಚಿ ಒಂದೇ ಸಲ ಎಳೆದೆ. ಕಣ್ಣು ನೋಡಿದೆ, ಎದೆ ಮುಟ್ಟಿ ನೋಡಿದೆ. ಉಸಿರಿರಲಿಲ್ಲ. ಸರಿಯಾಗಿಯೇ ಮಾಡಿದ್ದೆ. ಆಮೇಲೆ ಅಲ್ಲೇ ಕೂತು ಗಟ್ಟಿಯಾಗಿ ಅತ್ತೆ.

ಹೊರಗೆ ಬಂದರೆ ಯಜಮಾನರು ಬಾವಿಯಂಥ ದುಂಡನೆಯ ಆಳ ತಗ್ಗು ತೋಡಿದ್ದರು.

"ಇದೇನ್ರಿ, ತೆಂಗು ಹಚ್ಚಾಕ ತೋಡೀರೇನು?"

"ನಮ್ಮ ಅವ್ವನ್ನ, ಅಪ್ಪನ್ನ, ಎಲ್ಲಾರ್ನೂ ಕುಂತಂಗ ಕೂಡಿಸೇ ಮಣ್ಣ ಮಾಡೇವಿ. ಇದೂ ನಮ್ಮ ಮನೀದ" ಎಂದರು. ಅವರ ಕಣ್ಣೂ ಕೆಂಪಾಗಿತ್ತು. ಇಬ್ಬರೂ ಸೇರಿ ಕೋಳಿಯನ್ನು ಕಾಲು ಮಡಿಸಿ ಕೂರಿಸಿ ಮಣ್ಣೆಳೆದೆವು.

ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲವಲ್ಲ, ಕಾಕು ನಮಗಾಗಿ ಚಹಾ, ಅವಲಕ್ಕಿ ಹಿಡಿದುಕೊಂಡು ಬಂದರು. ಬಾಯಿಗೆ ಸೆರಗು ಹಚ್ಚಿ ಸ್ವಲ್ಪ ಹೊತ್ತು ಮಣ್ಣನ್ನೇ ನೋಡಿದರು.

"ಹ್ಯಾಂಗ ಇಟ್ರಿ?"

"ಕೂಡಿಸೇವ್ರಿ ಕಾಕು" ಎಂದರು ಯಜಮಾನರು. "ಕಾವಿಗೆ ಕೂತಂಗ ಕೂತೈತಿ."

ಕಾಕು ತಲೆಯಾಡಿಸಿದರು. ಚಹಾದ ಕಪ್ಪು ನನ್ನ ಕೈಗಿಟ್ಟು ಹೇಳಿದರು: "ಹಂಗಾರ ಇಪ್ಪತ್ತೊಂದು ದಿನಾ ಅಲ್ಲೆ ನೀರ ಹಾಕಬ್ಯಾಡ್ರಿ ಅಕ್ಕೋರ. ತತ್ತಿ ಕೆಟ್ಟು ಹೋಗ್ತಾವು."